ಬೀಜ ಇರೂ ದ್ರಾಕ್ಷಿ

ಮಣೂಕಿನ ಬಾಕ್ಸ್ ಇಳಿಸಿ ರಸೀದಿ ಕೈಗೆ ಬಂದಾಗ
ಇನ್ನೂ ಹತ್ತೂವರಿ.
‘ಊರಿಗೆ ಹೋಗೂ ಬಸ್ಸು ಸಂಜಿಕೂ ಅದಾವ’
ಅಂದ್ಳು ನೆಗೆಣ್ಣಿ ಬೌರಮ್ಮ,
ಸೆರಗು ಝಾಡಿಸಿ
ಶೆಡ್ಡಿನ ಗಂಧಕದ ವಾಸನಿ ಗಾಳಿಗೆ ಬಿಟ್ಟು.

ವಿಜಾಪುರ ನಮಗ ಹೊಸದಲ್ಲ.
ದವಾಖಾನಿ ಗೊತ್ತು, ಕೋರ್ಟು ಗೊತ್ತು,
ಬಳಿ ಇಡಸೂ ಓಣಿ ಗೊತ್ತು.
ನೋಡೂದಕ್ಕಂತ ನೋಡಿದ್ದು ಯಾವಾಗ?

ಲಾಲಸಾಬನ ಟಾಂಗಾ ಹತ್ತಿದ್ವಿ.
ಕುದರಿ ಹೆಸರು ಬಿಜಲಿ, ನಡಿಗಿ ಎಮ್ಮೀದು.
ಬಾರಾ ಕಮಾನದಾಗ ಕರೀ ಕಲ್ಲಿನ ಕಮಾನು ಎದ್ದು ನಿಂತಾವ,
ಮ್ಯಾಲೆ ಬರೇ ಆಕಾಶ.
‘ಛತ್ತ ಎಲ್ಲಿ?’
‘ಹಾಕಲೇ ಇಲ್ರಿ ಬಾಯಾರ, ಹಂಗ ಬಿಟ್ರು.’
ಬೌರಮ್ಮ ನಕ್ಕಳು: ನಮ್ಮ ಅಡಿಗಿ ಮನಿನೂ ಹಿಂಗ,
ಮುಂದಿನ ಸುಗ್ಗಿಗೆ ಸ್ಲ್ಯಾಬ ಅಂತಂತ
ಹದಿನಾರು ಸುಗ್ಗಿ ಆದ್ವು.

ಗೋಳಗುಮ್ಮಟದ ಮೆಟ್ಟಲಾ ಹತ್ತೂದ್ರಾಗ
ನನ್ನ ಮೊಣಕಾಲು ನನ್ನವಲ್ಲ.
ಒಂದಂದ್ರ ಏಳು ಕೇಳತೈತಂತ ಅಲ್ಲಿ.
ಆಕಿ ಆಚೀ ಕಡೆ ಹೋಗಿ, ಗ್ವಾಡಿಗೆ ಬಾಯಿ ಹಚ್ಚಿ
ಏನೋ ಅಂದ್ಳು.
ಅದ ಹೊತ್ತಿಗೆ ಕೊಲ್ಹಾರದ ಸಾಲಿ ಹುಡುಗರು ಒಳಗ ನುಗ್ಗಿ
ಹೋ ಅಂತ ಒದರಿದ್ವು.
ನನಗ ಬಂದು ಮುಟ್ಟಿದ್ದು
ಯಾವನೋ ಹುಡುಗನ ಹೋ, ಏಳು ಸಲ.
‘ಏನಂದಿ?’
‘ಕೇಳಲಿಲ್ಲಾ? ಹೋಗ್ಲಿ ಬಿಡು.’

ಖಾನಾವಳಿಯಾಗ ಬಿಸಿ ರೊಟ್ಟಿ, ಝುಣಕ,
ಮಡಕಿಕಾಳ ಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು.
ಒಳಗ ಯಾರೋ ರೊಟ್ಟಿ ಬಡಿಯೂ ಸಪ್ಪಳ.
ಅದಕ್ಕ ಸರಿಯಾಗಿ ನನ್ನ ಅಂಗೈ
ತಾಟಿನ ಬಾಜೂಕ ತಾನಾಗೇ ಅಲುಗಾಡತಿತ್ತು.
ಬೌರಮ್ಮ ಅದರ ಮ್ಯಾಲೆ ಒಂದು ಏಟು ಹಾಕಿದ್ಳು:
‘ಇವತ್ತು ಸೂಟಿ.’

ಸ್ಟೇಷನ್ ರೋಡಿನಾಗ ಹೊಸ ಅಂಗಡಿ, ಗಾಜಿನ ಬಾಗಿಲು.
ವೈನ್ ರುಚಿ ನೋಡ್ರಿ, ರೊಕ್ಕ ಬ್ಯಾಡ ಅಂತ ಬೋರ್ಡು.
‘ಬ್ಯಾಡ’ ಅಂದಾಕಿ ನಾನು.
ಬಾಗಿಲು ನೂಕಿದಾಕಿನೂ ನಾನು.

ಟೈ ಕಟ್ಟಿದ ಹುಡುಗ. ಎದಿಮ್ಯಾಲಿನ ಪಟ್ಟಿಯೊಳಗ ‘ಸಿಡ್’,
ಮನ್ಯಾಗ ಸಿದ್ರಾಯ ಇರಬೇಕು.
ಕಾಲಿದ್ದ ಗಿಲಾಸದ ತಳಕ್ಕ ಒಂದು ಬಟ್ಟಿನಷ್ಟು ಸುರುವಿ
‘ತಿರುಗಸ್ರಿ, ಮೂಸಿ ನೋಡ್ರಿ, ಏನು ವಾಸನಿ?’
ಚೆರ್ರಿ, ಚಾಕಲೇಟು, ಹೊಗಿ ಅಂತ
ತಾನೇ ಬಾಯಿಪಾಠ ಒಪ್ಪಿಸಿದ.
ನಾ ಅಂದೆ: ಹೊತ್ತಲ್ಲದ ಹೊತ್ತಿನಾಗ ಮಳಿ ಬಂದು
ಶೆಡ್ಡಿಗೆ ತಾಡಪತ್ರಿ ಎಳದಾಗ
ಒಳಗ ಬೆಳತನಕ ಒಂದು ವಾಸನಿ ಕೂತಿರತೈತಲ್ಲ, ಅದು.
ಹುಡುಗ ಪೆನ್ನು ತಗದ. ಬರಕೊಳ್ಳಲಿಲ್ಲ.

ಬಾಯಾಗ ಹೊಳ್ಳಾಡಿಸಿ ಉಗುಳಬೇಕಂತ,
ಅದಕ್ಕೊಂದು ತಂಬಗಿ ಬ್ಯಾರೆ ಇಟ್ಟಾನ!
ಎಪ್ರಿಲದಾಗ ಒಂದು ಚಾಟ್ನಿ, ಅಕ್ಟೋಬರದಾಗ ಒಂದು,
ಗೊನಿ ಗೊನಿ ಔಷಧದಾಗ ಅದ್ದಿದ ಈ ಕೈ
ಬಾಯಿಗೆ ಉಗುಳಗೊಡಲಿಲ್ಲ.
ನುಂಗಿದೆ.

ಮೊದಲು ಹುಳಿ.
ಆಮ್ಯಾಲೆ ನಾಲಗಿ ಬದಿಗೆಲ್ಲ ಒಗರು ಏರಿ
ಗಲ್ಲ ಒಳಗಿಂದ ಜಗ್ಗಿದಾಂಗ.
‘ಬೀಜದ ಒಗರು ರೀ ಅದು, ತೊಗಟೀದು’
ಅಂದ ಸಿದ್ರಾಯ, ಈಗ ನಮ್ಮ ಮಾತಿನಾಗ.

ಇಪ್ಪತ್ತಾರು ವರ್ಷ ಬೀಜ ಇಲ್ಲದ್ದ ಬೆಳದೇವಿ.
ದಲಾಲ ಬೀಜ ಕೇಳೂದಿಲ್ಲ, ಗಿರಾಕಿ ಬೀಜ ಒಲ್ಲ.
ಹಣ್ಣಿನ ಹೊಟ್ಟ್ಯಾಗ ಹಿಂಗೂ ಒಂದು ಮಾತು ಇರತೈತಿ ಅಂತ
ನನಗ ಯಾರೂ ಹೇಳಿರಲಿಲ್ಲ.
‘ಇನ್ನೊಂದು ಚೂರು ಹಾಕು’ ಅಂದೆ.
ಬೌರಮ್ಮ ಬಾಗಿಲ ಕಡೆ ನೋಡಿ
ತನ್ನ ಗಿಲಾಸನೂ ಮುಂದ ಸರಿಸಿದ್ಳು.

ಸಂಜಿ ಬಸ್ಸಿನಾಗ ಇಬ್ಬರ ಬಾಯಾಗೂ ಲವಂಗ.
ಅತ್ತಿ ಮೂಗಿನ ಮುಂದ ಏನೂ ಮುಚ್ಚಿಡಾಕ ಆಗೂದಿಲ್ಲ.
ತೊರವಿ ದಾಟೂದ್ರಾಗ ನನಗ ಬಿಕ್ಕು ಹತ್ತಿದ್ವು.
ಬೌರಮ್ಮ ಬಟ್ಟು ಮಡಚಿ ಎಣಿಸಿದ್ಳು:
‘ಏಳಾದ್ರ ನೀನ ಗೋಳಗುಮ್ಮಟ!’
ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ.

ಆರಕ್ಕ ನಿಂತ್ವು.
ಗ್ವಾಡಿಗೆ ಬಾಯಿ ಹಚ್ಚಿ ಏನಂದಿದ್ದಿ ಅಂತ
ಕೇಳೂಣು ಅಂದ್ರ
ಕಿಟಕಿಗೆ ತಲಿ ಆನಿಸಿ ನಿದ್ದಿ ಹೋಗಿದ್ಳು ಆಕಿ,
ಬಟ್ಟು ಇನ್ನೂ
ಆರಕ್ಕ ಮಡಚಿ.